ಹೊಸದಾಗಿ ಬಂದ ನಿರಾಶ್ರಿತರಿಗೆ ಆರೋಗ್ಯ ಸೇವೆ: ಅವರ ಜನರನ್ನೇ ಕಟ್ಟಿಕೊಂಡು ಶುರು ಮಾಡುವುದು ಹೇಗೆ?

ಅಮೆರಿಕದ ಕನ್ನಡ ಸಂಘಗಳಲ್ಲಿ ಡಾಕ್ಟರು, ನರ್ಸುಗಳಿಗೆ ಕೊರತೆ ಇಲ್ಲ. ಊರಿಗೆ ಹೊಸ ನಿರಾಶ್ರಿತ ಕುಟುಂಬಗಳು ಬಂದಿವೆ ಅಂತ ಗೊತ್ತಾದರೆ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ. ಶನಿವಾರ ದೇವಸ್ಥಾನದ ಹಾಲ್‌ನಲ್ಲಿ ಒಂದು ಆರೋಗ್ಯ ಶಿಬಿರ ಮಾಡೋಣ, ಬಿ.ಪಿ. ನೋಡೋಣ, ಶುಗರ್ ನೋಡೋಣ, ಕರಪತ್ರ ಹಂಚೋಣ. ತಪ್ಪೇನಲ್ಲ. ಆದರೆ ಶುಗರ್ 300 ಇದೆ ಅಂತ ಅಲ್ಲಿ ಗೊತ್ತಾದ ಮನುಷ್ಯ ಸೋಮವಾರ ಎಲ್ಲಿಗೆ ಹೋಗಬೇಕು? ಯಾರ ಜೊತೆ ಹೋಗಬೇಕು? ದುಡ್ಡು ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಶಿಬಿರದಿಂದ ಉಳಿಯುವುದು ಗ್ರೂಪ್ ಫೋಟೋ ಮಾತ್ರ.

ಈ ಬರಹ ಆ ಸೋಮವಾರದ ಬಗ್ಗೆ. ಉದಾಹರಣೆಗಳನ್ನು ಹೆಚ್ಚಾಗಿ ಭೂತಾನದ ಲೋತ್ಸಂಪಾ ಜನರಿಂದ ತೆಗೆದುಕೊಂಡಿದ್ದೇನೆ. ನೇಪಾಳಿ ಮಾತಾಡುವ ಇವರನ್ನು 1990ರ ಸುಮಾರಿಗೆ ಭೂತಾನದಿಂದ ಹೊರದಬ್ಬಲಾಯಿತು. ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಏಳು ಕ್ಯಾಂಪ್‌ಗಳಲ್ಲಿ ಇಪ್ಪತ್ತು ವರ್ಷದ ಹತ್ತಿರ ಕಳೆದರು. 2008ರಿಂದ ಅಮೆರಿಕಕ್ಕೆ ಬರತೊಡಗಿದರು. ಇಲ್ಲಿಗೆ ಬಂದವರೇ 90,000ಕ್ಕಿಂತ ಜಾಸ್ತಿ. ಓಹಾಯೋದ ಕೊಲಂಬಸ್, ಆಕ್ರನ್, ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್, ಹ್ಯಾರಿಸ್‌ಬರ್ಗ್, ಈರಿ ಊರುಗಳಲ್ಲಿ ಇವತ್ತು ಇವರ ಅಂಗಡಿ, ದೇವಸ್ಥಾನ ಎಲ್ಲ ಇವೆ. ಇವರ ಅನುಭವದಿಂದ ಕಲಿಯುವುದು ತುಂಬ ಇದೆ. 2025ರ ಜನವರಿಯಲ್ಲಿ ಅಮೆರಿಕ ಹೊಸಬರ ಪ್ರವೇಶವನ್ನು ಬಹುಮಟ್ಟಿಗೆ ನಿಲ್ಲಿಸಿತು, ನಿಜ. ಆದರೆ ಅದಕ್ಕೆ ಮುಂಚಿನ ಒಂದೇ ಹಣಕಾಸು ವರ್ಷದಲ್ಲಿ ಒಂದು ಲಕ್ಷ ಜನ ಬಂದಿದ್ದಾರೆ. ಕಾಂಗೋ, ಅಫ್ಘಾನಿಸ್ತಾನ, ವೆನೆಜುವೆಲಾ, ಸಿರಿಯಾ, ಬರ್ಮಾದ ಈ ಕುಟುಂಬಗಳು ಈಗಿನ್ನೂ ಕಾಲೂರುತ್ತಿವೆ. ಕೆನಡಾ, ಜರ್ಮನಿಯಲ್ಲಿರುವವರಿಗೆ ಇಲ್ಲಿನ ಕಾನೂನಿನ ಮಾತು ಹೊಂದುವುದಿಲ್ಲ. ಉಳಿದದ್ದು ಹೊಂದುತ್ತದೆ.

1. ಮೊದಲು ಚೀಲ ನೋಡಿ

ನಿರಾಶ್ರಿತರಾಗಿ ಬರುವವರು ವಿಮಾನ ಹತ್ತುವ ಮುಂಚೆಯೇ ಒಂದು ಸುತ್ತು ತಪಾಸಣೆ ಮುಗಿಸಿರುತ್ತಾರೆ. ಕ್ಷಯಕ್ಕಾಗಿ ಎದೆಯ ಎಕ್ಸ್‌ರೇ, ಒಂದಷ್ಟು ಲಸಿಕೆ, ಹಲವರಿಗೆ ಜಂತುಹುಳದ ಮಾತ್ರೆ. ಆ ಕಾಗದವೆಲ್ಲ ಐಒಎಂ (ಅಂತಾರಾಷ್ಟ್ರೀಯ ವಲಸೆ ಸಂಸ್ಥೆ) ಅಂತ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತದೆ. ಡಾಕ್ಟರ್ ಹತ್ತಿರ ಹೋಗುವಾಗ ಚೀಲ ಜೊತೆಗಿರಲಿ. ಇಲ್ಲದಿದ್ದರೆ ಹಾಕಿದ ಲಸಿಕೆಯನ್ನೇ ಮಗುವಿಗೆ ಇನ್ನೊಮ್ಮೆ ಚುಚ್ಚುತ್ತಾರೆ. ಬಂದ 90 ದಿನದೊಳಗೆ ಇಲ್ಲೂ ಒಂದು ಪೂರ್ತಿ ತಪಾಸಣೆ ಆಗಬೇಕು. ಪುನರ್ವಸತಿ ಸಂಸ್ಥೆ ಅದನ್ನು ಗೊತ್ತು ಮಾಡಿದೆಯೇ ಅಂತ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ನಿರಾಶ್ರಿತರಲ್ಲಿ ಬಹಳ ಜನರ ಹುಟ್ಟಿದ ದಿನ ಜನವರಿ 1. ನಿಜವಾದ ತಾರೀಕು ಯಾರೂ ಬರೆದಿಟ್ಟಿರಲಿಲ್ಲ, ಅಧಿಕಾರಿ ವರ್ಷ ಮಾತ್ರ ಅಂದಾಜು ಮಾಡಿ ಜನವರಿ 1 ಅಂತ ತುಂಬಿದ. ಬರ್ಮಾದ ಹಲವರಿಗೆ ಮನೆತನದ ಹೆಸರೇ ಇಲ್ಲ. ಒಂದೇ ಹೆಸರಿರುವ ಅಫ್ಘನ್ ಗಂಡಸಿನ ಕಾಗದದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಇರುತ್ತದೆ, ಹೆಸರು ಗೊತ್ತಿಲ್ಲ ಅಂತ. ಇನ್ನು ಕ್ಲಿನಿಕ್‌ನ ಕಂಪ್ಯೂಟರ್ ರೋಗಿಯನ್ನು ಹುಡುಕುವುದು ಹೆಸರು ಮತ್ತು ಹುಟ್ಟಿದ ದಿನದಿಂದಲೇ ಅಲ್ವಾ? ಒಬ್ಬರ ರಕ್ತಪರೀಕ್ಷೆ ಇನ್ನೊಬ್ಬರ ಖಾತೆಗೆ ಹೋಗುವುದು ಹೀಗೆ. ಅದಕ್ಕೇ ಫೋಟೋ, ವಿಳಾಸ, ತಾಯಿಯ ಹೆಸರು, ಇಂಥ ಮೂರನೆಯ ಗುರುತೊಂದನ್ನು ಖಾತೆಗೆ ಸೇರಿಸಲು ಕ್ಲಿನಿಕ್‌ನವರಿಗೆ ಮೊದಲ ದಿನವೇ ಹೇಳಿ. ನಿಜ ಹೇಳಬೇಕೆಂದರೆ ಸಂಸ್ಕೃತಿಯ ಬಗ್ಗೆ ನಡೆಸುವ ಎಷ್ಟೋ ಕಾರ್ಯಾಗಾರಗಳಿಗಿಂತ ಇದರಿಂದ ಉಪಯೋಗ ಜಾಸ್ತಿ.

2. ಯೋಜನೆ ಬರೆಯುವ ಮುಂಚೆ ಅಡುಗೆಮನೆಯಲ್ಲಿ ಕೂತು ಕೇಳಿ

'ನಿಮಗೆ ಏನು ಬೇಕು?' ಅಂತ ಕೇಳಿದರೆ ಮರ್ಯಾದೆಗೆ 'ಏನೂ ಬೇಡ, ಎಲ್ಲ ಚೆನ್ನಾಗಿದೆ' ಅನ್ನುತ್ತಾರೆ. ನಮ್ಮ ಅಜ್ಜಿಯಂದಿರೂ ಹಾಗೇ ಅಂದಿರುತ್ತಿದ್ದರು. ಬದಲಿಗೆ ಹೀಗೆ ಕೇಳಿ: 'ಕ್ಯಾಂಪ್‌ನಲ್ಲಿದ್ದಾಗ ರಾತ್ರಿ ಮಗುವಿಗೆ ಜ್ವರ ಬಂದರೆ ಏನು ಮಾಡುತ್ತಿದ್ದಿರಿ? ಯಾರನ್ನು ಕರೆಯುತ್ತಿದ್ದಿರಿ? ಇಲ್ಲಿ ಹೋದ ತಿಂಗಳು ಬಂದಾಗ ಏನು ಮಾಡಿದಿರಿ?' ಎರಡು ಉತ್ತರಗಳ ನಡುವಿನ ಅಂತರವೇ ನಿಮ್ಮ ಕೆಲಸ.

ಭೂತಾನದವರ ವಿಷಯದಲ್ಲಿ ಆ ಅಂತರ ಹೀಗಿತ್ತು. ನೇಪಾಳದ ಕ್ಯಾಂಪ್‌ಗಳಲ್ಲಿ ಆಮ್ಡಾ ಸಂಸ್ಥೆ ನಡೆಸುತ್ತಿದ್ದ ಆರೋಗ್ಯ ಕೇಂದ್ರ ನಡೆದು ಹೋಗುವಷ್ಟು ಹತ್ತಿರ. ಅಪಾಯಿಂಟ್‌ಮೆಂಟ್ ಇಲ್ಲ, ಇನ್ಶೂರೆನ್ಸ್ ಕಾರ್ಡ್ ಇಲ್ಲ. ಹೋಗಿ ಕೂತರೆ ನೋಡುತ್ತಾರೆ, ಮಾತ್ರೆ ಅಲ್ಲೇ ಕೈಗೆ ಕೊಡುತ್ತಾರೆ. ಇಲ್ಲಿ ಮೂರು ವಾರದ ನಂತರದ ತಾರೀಕು, ಎರಡು ಬಸ್ಸು, ಹತ್ತು ನಿಮಿಷ ತಡವಾದರೆ ವಾಪಸ್, ಮಾತ್ರೆಗೆ ಬೇರೆ ಕಡೆ ಕ್ಯೂ. ಅಪಾಯಿಂಟ್‌ಮೆಂಟ್ ತಪ್ಪಿಸಿದವರನ್ನು ಕ್ಲಿನಿಕ್‌ನವರು 'ಆಸಕ್ತಿ ಇಲ್ಲ' ಅಂತ ಬರೆದುಕೊಳ್ಳುತ್ತಾರೆ. ಆಸಕ್ತಿಯ ಪ್ರಶ್ನೆ ಅಲ್ಲಿ ಬಂದೇ ಇಲ್ಲ.

ಮಾತು ಕೇಳಲು ಒಬ್ಬ 'ಲೀಡರ್' ಸಾಕಾಗುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ, ಸಭೆಗೆ ಕೋಟು ಹಾಕಿಕೊಂಡು ಬರುವ ಗಂಡಸು ಎಲ್ಲ ಸಮುದಾಯದಲ್ಲೂ ಸಿಗುತ್ತಾನೆ. ಅವನ ಮಾತು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಹೆಂಗಸರು, ಮುದುಕರು, ರಾತ್ರಿ ಪಾಳಿ ಮಾಡುವ ಹುಡುಗರು, ಆ ಸಮುದಾಯದೊಳಗೇ ಕೆಳಗೆ ಇಟ್ಟ ಜಾತಿಯವರು, ಬೇರೆ ಧರ್ಮಕ್ಕೆ ಹೋದವರು, ಇವರನ್ನು ಬೇರೆ ಬೇರೆಯಾಗಿ ಕೇಳಿ.

ಇಲ್ಲಿ ಕನ್ನಡಿಗರಿಗೆ ಒಂದು ಕಿವಿಮಾತು. ನೇಪಾಳಿ ಮಾತಿನವರ ಮನೆಯಲ್ಲಿ ದಸರಾ ಇದೆ, ತುಳಸಿ ಇದೆ, ಅನ್ನ-ಬೇಳೆ ಇದೆ. ಹಿಂದಿ ಸಿನಿಮಾದ ದಯೆಯಿಂದ ನಿಮ್ಮ ಹಿಂದಿಯೂ ಅಷ್ಟಿಷ್ಟು ಅರ್ಥವಾಗುತ್ತದೆ. ಆಗ 'ಇವರು ನಮ್ಮವರೇ, ನಮಗೆ ಗೊತ್ತು' ಅನ್ನಿಸಿಬಿಡುತ್ತದೆ. ವೀಸಾ ತಗೊಂಡು ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮಗೂ, ಪೌರತ್ವವನ್ನೇ ಕಿತ್ತುಕೊಂಡ ದೇಶದಿಂದ ಬಂದ ಅವರಿಗೂ ಹೋಲಿಕೆ ಅಷ್ಟಕ್ಕಷ್ಟೇ. ಗೊತ್ತಿದೆ ಅಂದುಕೊಂಡ ಕೂಡಲೇ ಕೇಳುವುದು ನಿಂತುಹೋಗುತ್ತದೆ.

3. ಅವರಲ್ಲೇ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಿ, ಸಂಬಳ ಕೊಡಿ

ಇಡೀ ಕೆಲಸದಲ್ಲಿ ಒಂದೇ ಒಂದು ಹೆಜ್ಜೆ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ. ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆ 1994ರಲ್ಲಿ 'ಕಮ್ಯುನಿಟಿ ಹೌಸ್ ಕಾಲ್ಸ್' ಅಂತ ಶುರು ಮಾಡಿತು. ಕಾಂಬೋಡಿಯಾ, ಸೊಮಾಲಿಯಾ, ಇಥಿಯೋಪಿಯಾ, ಎರಿಟ್ರಿಯಾ ಸಮುದಾಯಗಳ ಜನರನ್ನೇ ನೇಮಿಸಿಕೊಂಡಿತು. ಅವರು ಡಾಕ್ಟರ ಕೋಣೆಯಲ್ಲಿ ದುಭಾಷಿ, ಹೊರಗೆ ಬಂದರೆ ಮನೆಗೆ ಹೋಗಿ ವಿಚಾರಿಸುವವರು, ಆಸ್ಪತ್ರೆಯವರಿಗೆ 'ನೀವು ಹೀಗೆ ಹೇಳಿದ್ದಕ್ಕೇ ಅವರು ಮಾತ್ರೆ ಬಿಟ್ಟರು' ಅಂತ ಮುಖಕ್ಕೆ ಹೇಳುವವರು. ಆ ಮೂರನೆಯ ಕೆಲಸ ಮುಖ್ಯ. ಅದಕ್ಕೆ ಅವಕಾಶ ಇಲ್ಲದಿದ್ದರೆ ನೀವು ಒಬ್ಬ ಜವಾನನನ್ನು ಇಟ್ಟುಕೊಂಡ ಹಾಗಾಯಿತು, ಅಷ್ಟೇ.

ನಮಗೆ ಇದು ಹೊಸದಲ್ಲ. 2005ರಿಂದ ನಮ್ಮ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಇದೇ ಕೆಲಸ ಮಾಡುತ್ತಿದ್ದಾರೆ. ಊರಿನ ಹೆಣ್ಣುಮಗಳು, ಊರಿನ ಮಾತು, ಯಾರ ಮನೆಯಲ್ಲಿ ಬಸುರಿ ಇದ್ದಾಳೆ ಅಂತ ರಿಜಿಸ್ಟರ್ ನೋಡದೆ ಹೇಳಬಲ್ಲವರು. ಅವರಿಂದ ಕಲಿಯಬೇಕಾದ ಇನ್ನೊಂದು ಪಾಠ ಫ್ರೀಡಂ ಪಾರ್ಕ್‌ನಲ್ಲಿದೆ. ಸಂಬಳದ ಬದಲು ಗೌರವಧನ, ಅದೂ ತಡವಾಗಿ. ಹೀಗಾದರೆ ಪದೇ ಪದೇ ಧರಣಿ ಕೂರದೆ ಇನ್ನೇನು ಮಾಡುತ್ತಾರೆ? ನಿರಾಶ್ರಿತ ಹೆಣ್ಣುಮಗಳಿಗೆ 'ನಿಮ್ಮ ಜನರ ಸೇವೆ ಅಲ್ವಾ' ಅಂತ ಹೇಳಿ ಪುಕ್ಕಟೆ ದುಡಿಸಿಕೊಳ್ಳಬೇಡಿ. ಕ್ಲಿನಿಕ್‌ನ ಮೆಡಿಕಲ್ ಅಸಿಸ್ಟೆಂಟ್‌ಗೆ ಏನು ಕೊಡುತ್ತೀರೋ ಅಷ್ಟನ್ನಾದರೂ ಕೊಡಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಕಾರ್ಯಕರ್ತರ ಕೆಲಸಕ್ಕೆ ಮೆಡಿಕೇಡ್‌ನಿಂದ, ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಿಂದ, ಹಣ ಬರುತ್ತದೆ. ನಿಮ್ಮ ರಾಜ್ಯದಲ್ಲಿ ಇದೆಯೇ ನೋಡಿ.

ಆಯ್ಕೆ ಮಾಡುವಾಗ ಡಿಗ್ರಿ ನೋಡಬೇಡಿ. ಜನ ಈಗಾಗಲೇ ಯಾರಿಗೆ ಫೋನ್ ಮಾಡುತ್ತಾರೆ ಅಂತ ನೋಡಿ. ಸಾಧ್ಯವಾದರೆ ಒಬ್ಬ ಹೆಂಗಸು, ಒಬ್ಬ ಗಂಡಸು. ತರಬೇತಿಯಲ್ಲಿ ಬಿ.ಪಿ. ಮೆಷಿನ್‌ಗಿಂತ ಮೊದಲು ಬರಬೇಕಾದದ್ದು ಗುಟ್ಟು ಕಾಪಾಡುವುದು. ಸಣ್ಣ ಸಮುದಾಯದಲ್ಲಿ ಒಬ್ಬಳ ಗರ್ಭಪಾತದ ಸುದ್ದಿ ಹೊರಗೆ ಬಿದ್ದರೆ ಇಡೀ ಯೋಜನೆ ಆವತ್ತಿಗೆ ಮುಗಿಯಿತು. ಹಾಗೆಯೇ ಅವರಿಗೆ ರಾತ್ರಿ ಹನ್ನೊಂದಕ್ಕೆ ಬರುವ ಫೋನಿಗೆ ಒಂದು ಗಡಿ ಹಾಕಿ. ಕೆಲಸಕ್ಕೆ ಬೇರೆ ಫೋನ್ ಕೊಡಿಸಿ, ಸಂಜೆಯ ನಂತರ ಅದು ಕ್ಲಿನಿಕ್‌ನ ನರ್ಸ್ ಲೈನಿಗೆ ಹೋಗಲಿ.

4. ದುಭಾಷಿ: ದೇಶ ಕೇಳಬೇಡಿ, ಮಾತು ಕೇಳಿ

ರೋಹಿಂಗ್ಯಾ ಹೆಂಗಸಿಗೆ 'ಬರ್ಮಾದವರು' ಅಂತ ಬರ್ಮೀಸ್ ದುಭಾಷಿಯನ್ನು ಕರೆಸುವ ಕ್ಲಿನಿಕ್‌ಗಳಿವೆ. ಆಕೆಗೆ ಆ ಮಾತು ಬರದೇ ಇರಬಹುದು. ಬಂದರೂ, ಅದು ಅವರ ಹಳ್ಳಿ ಸುಟ್ಟ ಸೈನಿಕರ ಮಾತು. ಬರ್ಮಾದ ಚಿನ್ ಜನರಲ್ಲೇ ಹಾಖಾ, ಫಲಾಮ್, ತೆದಿಮ್ ಮಾತುಗಳು ಬೇರೆ ಬೇರೆ. ಸೊಮಾಲಿ ಬಂಟು ಜನರ ಮನೆಮಾತು ಹೆಚ್ಚಾಗಿ ಮಾಯ್-ಮಾಯ್. ಅಫ್ಘಾನಿಸ್ತಾನದವರಿಗೆ ದರಿಯೋ ಪಶ್ತೋವೋ ಕೇಳಿ. ಮನೆಯಲ್ಲಿ ಅಮ್ಮನ ಜೊತೆ ಯಾವ ಮಾತಾಡುತ್ತೀರಿ ಅನ್ನುವ ಪ್ರಶ್ನೆ ಸಾಕು. ಉತ್ತರವನ್ನು ರೋಗಿಯ ಖಾತೆಯ ಮೊದಲ ಪುಟದಲ್ಲೇ ಬರೆಸಿ.

ಮಕ್ಕಳನ್ನು ದುಭಾಷಿ ಮಾಡಬೇಡಿ. ಹತ್ತು ವರ್ಷದ ಹುಡುಗ ಅಮ್ಮನ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಳಬೇಕಾದರೆ ಅವನಿಗೂ ಹಿಂಸೆ, ಅವಳಿಗೂ ಹಿಂಸೆ. ಅರ್ಧ ಮಾತು ಅಲ್ಲೇ ನುಂಗಿಹೋಗುತ್ತದೆ. 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಪ್ರಕಾರ, ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ಹೀಗೆ ಬಳಸುವಂತಿಲ್ಲ. ದುಭಾಷಿಯ ಖರ್ಚು ಆಸ್ಪತ್ರೆಯದು, ರೋಗಿಯದ್ದಲ್ಲ. ಇದನ್ನು ಪ್ರತಿ ಕುಟುಂಬಕ್ಕೂ ಅವರ ಮಾತಿನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಡಿ. ಕೌಂಟರ್‌ನಲ್ಲಿ ತೋರಿಸಿದರೆ ಕೆಲಸ ಆಗುತ್ತದೆ. ಗಂಡನೇ ದುಭಾಷಿ ಆಗುವುದೂ ಬೇಡ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಅದು ಯಾವತ್ತೂ ಹೊರಬರುವುದಿಲ್ಲ.

ಎದುರಿಗೆ ಕೂರುವ ದುಭಾಷಿ ಒಳ್ಳೆಯದು ಅಂತ ಸಾಮಾನ್ಯ ನಂಬಿಕೆ. ಯಾವಾಗಲೂ ಅಲ್ಲ. ಊರಲ್ಲಿ ಇರುವುದೇ ನಲವತ್ತು ಮನೆ ಅಂದರೆ ದುಭಾಷಿ ನಾದಿನಿಯ ತಮ್ಮನೇ ಆಗಿರುತ್ತಾನೆ. ಲೈಂಗಿಕ ಆರೋಗ್ಯ, ಕುಡಿತ, ಮನಸ್ಸಿನ ವಿಷಯಕ್ಕೆ ಬೇರೆ ರಾಜ್ಯದಿಂದ ಫೋನಿನಲ್ಲಿ ಬರುವ ಅಪರಿಚಿತ ದನಿಯೇ ವಾಸಿ. ಯಾವುದು ಬೇಕು ಅಂತ ರೋಗಿಯನ್ನೇ ಕೇಳಿ.

5. ಕ್ಲಿನಿಕ್ ಬದಲಾಗಲಿ

ಇಲ್ಲಿ ಬೇಕಾಗಿರುವುದು ಸಣ್ಣ ಸಣ್ಣ ಬದಲಾವಣೆಗಳು. ಮೊದಲ ಭೇಟಿಗೆ 40 ನಿಮಿಷ, ಯಾಕೆಂದರೆ ದುಭಾಷಿ ಇದ್ದರೆ ಎಲ್ಲ ಮಾತೂ ಎರಡು ಸಲ. ನೆನಪಿಸುವ ಫೋನ್ ಅವರ ಮಾತಿನಲ್ಲಿ ಬರಲಿ. ಇಂಗ್ಲಿಷ್ ಮೆಸೇಜ್ ಕಳಿಸಿ ಕೈತೊಳೆದುಕೊಂಡರೆ ಆಗಲಿಲ್ಲ. ವಾರದಲ್ಲಿ ಒಂದು ಸಂಜೆ ಅಪಾಯಿಂಟ್‌ಮೆಂಟ್ ಇಲ್ಲದೆ ಬರುವವರಿಗೆ ಬಾಗಿಲು ತೆರೆದಿರಲಿ. ಬಸ್ಸಿನಲ್ಲಿ ಮೊದಲ ಸಲ ಕಾರ್ಯಕರ್ತೆ ಜೊತೆಗೆ ಹೋಗಿ ದಾರಿ ತೋರಿಸಲಿ. ಹೆಂಗಸರ ಪರೀಕ್ಷೆಗೆ ಲೇಡಿ ಡಾಕ್ಟರ್ ಇದ್ದಾರೆಯೇ ಅಂತ ಬುಕ್ ಮಾಡುವಾಗಲೇ ಹೇಳಿ. ರಂಜಾನ್ ಬರುವ ಮುಂಚೆಯೇ ಮುಸ್ಲಿಂ ಸಕ್ಕರೆ ಕಾಯಿಲೆಯವರ ಮಾತ್ರೆಯ ಸಮಯ ಬದಲಿಸಿಡಿ.

ಔಷಧಿ ಬಾಟಲಿಗೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. 'ರೀಫಿಲ್' ಅನ್ನುವ ಪದ್ಧತಿಯೇ ಹೊಸದು. ಬಾಟಲಿ ಖಾಲಿಯಾದರೆ ಕಾಯಿಲೆ ವಾಸಿಯಾಯಿತು ಅಂತ ಬಿ.ಪಿ. ಮಾತ್ರೆ ನಿಲ್ಲಿಸುವವರು ಬಹಳ. ಸೂರ್ಯ, ಚಂದ್ರನ ಚಿತ್ರ ಅಂಟಿಸಿ. ಬಾಟಲಿ ಕೈಗೆ ಕೊಟ್ಟು, 'ಇವತ್ತು ರಾತ್ರಿ ಹೇಗೆ ತಗೋತೀರಿ, ತೋರಿಸಿ' ಅನ್ನಿ. 'ಅರ್ಥವಾಯಿತಾ?' ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ನಮ್ಮಲ್ಲೂ ಹಾಗೇ ತಾನೇ.

6. ತಟ್ಟೆ ಮತ್ತು ಕಾಡಿಗೆ ಡಬ್ಬಿ

ಕೈಕಾಲು ಜೋಮು, ಸುಸ್ತು, ಮರೆವು ಅಂತ ಬಂದ ಭೂತಾನದವರಲ್ಲಿ ವಿಟಮಿನ್ ಬಿ12 ಕೊರತೆ ಎದ್ದು ಕಂಡಿತು. ವಿಮಾನ ಹತ್ತುವ ಮುಂಚೆ ತೆಗೆದಿದ್ದ 99 ರಕ್ತದ ಮಾದರಿಗಳಲ್ಲಿ ಶೇ. 64ರಲ್ಲಿ ಕೊರತೆ ಇತ್ತು ಅಂತ 2011ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ವರದಿ ಮಾಡಿತು. ವರ್ಷಗಟ್ಟಲೆ ಕ್ಯಾಂಪ್ ರೇಷನ್ನಿನ ಅಕ್ಕಿ, ಬೇಳೆ, ಎಣ್ಣೆ. ಹಾಲು, ಮೊಟ್ಟೆ, ಮಾಂಸ ಅಪರೂಪ. ಒಂದು ರಕ್ತಪರೀಕ್ಷೆ, ಒಂದು ಅಗ್ಗದ ಮಾತ್ರೆ, ಇಷ್ಟರಲ್ಲಿ ಸರಿಹೋಗುವ ತೊಂದರೆ ಇದು. ಇದನ್ನು ಓದುತ್ತಿರುವ ಸಸ್ಯಾಹಾರಿಗಳೂ ತಮ್ಮದನ್ನು ಒಮ್ಮೆ ನೋಡಿಸಿಕೊಂಡರೆ ನಷ್ಟವಿಲ್ಲ.

ಇಲ್ಲಿಗೆ ಬಂದ ಮೇಲೆ ಸಕ್ಕರೆ ಕಾಯಿಲೆ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಅನ್ನ ಬಿಡಿ ಅಂತ ಹೇಳುವ ಆಹಾರ ಪಟ್ಟಿಯನ್ನು ಹರಿದುಹಾಕಿ. ಅವರ ಅಂಗಡಿಗೇ ಹೋಗಿ, ಅವರು ಕೊಳ್ಳುವುದನ್ನೇ ನೋಡಿ, ಅನ್ನ ಎಷ್ಟು, ಗುಂಡ್ರುಕ್ (ಹುಳಿ ಬರಿಸಿ ಒಣಗಿಸಿದ ಸೊಪ್ಪು) ಎಷ್ಟು ಅಂತ ತಟ್ಟೆಯಲ್ಲೇ ಲೆಕ್ಕ ಹಾಕಿ.

ಮಕ್ಕಳ ರಕ್ತದಲ್ಲಿ ಸೀಸ ಇದೆಯೇ ಅನ್ನುವುದು ಇನ್ನೂ ಗಂಭೀರ. 2000ದಲ್ಲಿ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಎರಡು ವರ್ಷದ ಸುಡಾನಿ ನಿರಾಶ್ರಿತ ಮಗು ಸೀಸದ ವಿಷದಿಂದ ತೀರಿಕೊಂಡಿತು. ವಿಷ ಅದು ಹುಟ್ಟಿದ ದೇಶದ್ದಲ್ಲ, ಇಲ್ಲಿ ಕೊಟ್ಟ ಹಳೆಯ ಮನೆಯ ಬಣ್ಣದ್ದು. ಅದಕ್ಕೇ 16 ವರ್ಷದೊಳಗಿನ ಮಕ್ಕಳಿಗೆ ಬಂದಾಗ ಒಮ್ಮೆ, 6 ವರ್ಷದೊಳಗಿನವರಿಗೆ 3ರಿಂದ 6 ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಬೇಕು. ಎರಡನೆಯದೇ ತಪ್ಪಿಹೋಗುವುದು ಜಾಸ್ತಿ. ಬಾಡಿಗೆ ಮನೆ 1978ಕ್ಕಿಂತ ಹಳೆಯದೇ ಅಂತ ಕೇಳಿ, ಮನೆಗೆ ಸೀಸದ ಬಣ್ಣ ನಿಷೇಧವಾದ ವರ್ಷ ಅದು. ಸುರ್ಮಾ, ಕಾಡಿಗೆ, ಊರಿನಿಂದ ಪುಡಿಯಾಗಿ ಬಂದ ಅರಿಶಿನ, ಇವುಗಳಲ್ಲೂ ಸೀಸ ಸಿಕ್ಕಿದ್ದಿದೆ. 'ಮಗುವಿಗೆ ಕಾಡಿಗೆ ಹಾಕಬೇಡಿ' ಅಂತ ಬಿಳಿ ನರ್ಸ್ ಹೇಳಿದರೆ ಒಂದು ರೀತಿ, 'ದೃಷ್ಟಿಬೊಟ್ಟು ಇಡಿ, ಆದರೆ ಈ ಡಬ್ಬಿದು ಬೇಡ' ಅಂತ ಅವರದೇ ಕಾರ್ಯಕರ್ತೆ ಹೇಳಿದರೆ ಇನ್ನೊಂದು ರೀತಿ.

7. ಮನಸ್ಸಿನ ವಿಷಯ ಮೈಯಿಂದ ಶುರು ಮಾಡಿ

2009ರ ಫೆಬ್ರವರಿಯಿಂದ ಮೂರು ವರ್ಷದಲ್ಲಿ ಅಮೆರಿಕದಲ್ಲಿ 16 ಭೂತಾನಿ ನಿರಾಶ್ರಿತರು ಆತ್ಮಹತ್ಯೆ ಮಾಡಿಕೊಂಡರು. ಆಗ ಬಂದಿದ್ದವರ ಸಂಖ್ಯೆಗೆ ಹೋಲಿಸಿದರೆ ಇದು ವರ್ಷಕ್ಕೆ ಲಕ್ಷಕ್ಕೆ 20ಕ್ಕಿಂತ ಮೇಲೆ. ಸಿಡಿಸಿ ಜನರನ್ನು ಕೇಳಿದಾಗ ಮುಂದೆ ಬಂದ ಸಂಗತಿಗಳು: ಇಂಗ್ಲಿಷ್ ಬಾರದಿರುವುದು, ಹಿಂದೆ ಉಳಿದವರ ಚಿಂತೆ, ಮನೆ ಸಾಕಲಾಗದ ಸಂಕಟ. ಕ್ಯಾಂಪ್‌ನ ನೆನಪಷ್ಟೇ ಅಲ್ಲ, ಇಲ್ಲಿನ ಬದುಕೂ ಕಾರಣ. ಆದ್ದರಿಂದ ಕೆಲಸ ಹುಡುಕಿಕೊಡುವುದು, ಇಂಗ್ಲಿಷ್ ಕ್ಲಾಸು, ಮುದುಕರಿಗೆ ಪೌರತ್ವ ಪರೀಕ್ಷೆಯ ಪಾಠ, ಎಲ್ಲವೂ ಆರೋಗ್ಯದ ಕೆಲಸವೇ.

'ಮಾನಸಿಕ ಕಾಯಿಲೆ' ಅಂತ ಬೋರ್ಡ್ ಹಾಕಿದ ಬಾಗಿಲಿಗೆ ಯಾರೂ ಬರುವುದಿಲ್ಲ. ನಿದ್ದೆ ಬರುತ್ತದಾ, ತಲೆನೋವು ಇದೆಯಾ, ಹೊಟ್ಟೆ ಉರಿಯಾ ಅಂತ ಕೇಳಿ. ಸಿಯಾಟಲ್‌ನಲ್ಲಿ ತಯಾರಾದ ಆರ್‌ಎಚ್‌ಎಸ್-15 ಎಂಬ ಪ್ರಶ್ನಾವಳಿ ಇದೇ ದಾರಿಯಲ್ಲಿ ಹೋಗುತ್ತದೆ. ನೇಪಾಳಿ, ಅರಬ್ಬಿ ಮುಂತಾದ ಭಾಷೆಗಳಲ್ಲಿ ಸಿಗುತ್ತದೆ, ಕೊನೆಗೆ ಸಂಕಟ ಎಷ್ಟು ಅಂತ ತೋರಿಸಲು ಥರ್ಮಾಮೀಟರ್ ಚಿತ್ರವಿದೆ. ಆದರೆ ಅಂಕ ಜಾಸ್ತಿ ಬಂದವರನ್ನು ಕಳಿಸಲು ಒಂದು ಜಾಗ ಇಲ್ಲದೆ ಪ್ರಶ್ನೆ ಕೇಳಬೇಡಿ. ತುರ್ತಿಗೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ದುಭಾಷಿ ಬೇಕು ಅಂತ ಕೇಳುವುದನ್ನು ಮೊದಲೇ ಅಭ್ಯಾಸ ಮಾಡಿಸಿ. ಊರಾಚೆ ತರಕಾರಿ ಬೆಳೆಯಲು ಒಂದು ತುಂಡು ಜಾಗ ಕೊಡಿಸಿದರೆ ಗೇಯ್ದು ಬದುಕಿದ ಹಿರಿಯರು ಅಲ್ಲಿ ಮಾತಾಡುತ್ತಾರೆ. ಕೌನ್ಸೆಲರ್ ಕೋಣೆಯಲ್ಲಿ ಆಡದ ಮಾತು ಅಲ್ಲಿ ಬರುತ್ತದೆ.

8. ಮಂತ್ರ, ಮದ್ದು, ನಾಟಿ ವೈದ್ಯ

ನೇಪಾಳಿಗಳು ಧಾಮಿ-ಝಾಂಕ್ರಿಯ, ಅಂದರೆ ತಮ್ಮ ಮಂತ್ರವಾದಿಯ ಹತ್ತಿರ ಹೋಗುತ್ತಾರೆ. ಕಾಂಬೋಡಿಯಾ, ವಿಯೆಟ್ನಾಂನವರು ಜ್ವರಕ್ಕೆ ನಾಣ್ಯದಿಂದ ಬೆನ್ನು ಉಜ್ಜುತ್ತಾರೆ. ಆ ಕೆಂಪು ಗೆರೆ ನೋಡಿ ಮಗುವನ್ನು ಹೊಡೆದಿದ್ದಾರೆ ಅಂತ ಶಾಲೆಯವರು ದೂರು ಕೊಟ್ಟ ಪ್ರಸಂಗಗಳಿವೆ. 'ಇಲ್ಲಿಗೆ ಬರುವ ಮುಂಚೆ ಬೇರೆ ಏನೇನು ಮಾಡಿದಿರಿ?' ಅಂತ ಮಾಮೂಲಿ ದನಿಯಲ್ಲಿ ಕೇಳಿ. ಅಪಾಯ ಇಲ್ಲದ್ದಕ್ಕೆ ಅಡ್ಡಿ ಮಾಡಬೇಡಿ, ಇರುವುದನ್ನು ಕಾರಣ ಹೇಳಿ ಬಿಡಿಸಿ. ಕ್ಯಾಲಿಫೋರ್ನಿಯಾದ ಮರ್ಸೆಡ್ ಊರಿನ ಆಸ್ಪತ್ರೆಯೊಂದು 2009ರ ಹೊತ್ತಿಗೆ ಲಾವೋಸ್‌ನಿಂದ ಬಂದ ಹ್ಮಾಂಗ್ ಜನರ ಮಂತ್ರವಾದಿಗಳಿಗೆ ಬ್ಯಾಜ್ ಕೊಟ್ಟು ರೋಗಿಯ ಹಾಸಿಗೆ ಹತ್ತಿರ ಬಿಡತೊಡಗಿತ್ತು. ಮೊದಲು ಅವರಿಗೂ ಆಸ್ಪತ್ರೆ ತೋರಿಸಿ, ಮೈಕ್ರೋಸ್ಕೋಪ್‌ನಲ್ಲಿ ಜೀವಕೋಶ ತೋರಿಸಿ ತರಬೇತಿ ಕೊಟ್ಟಿತು. ನಮ್ಮ ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರಲ್ಲೂ ಅವರದೇ ಆಸ್ಪತ್ರೆ ಇದೆ, ಪಕ್ಕದಲ್ಲೇ ಮೆನ್-ತ್ಸೀ-ಖಾಂಗ್‌ನ ಟಿಬೆಟಿಯನ್ ಔಷಧಿಯ ಕ್ಲಿನಿಕ್ಕೂ ಇದೆ. ಜನ ಎರಡಕ್ಕೂ ಹೋಗುತ್ತಾರೆ.

9. ದುಡ್ಡಿನ ತಾರೀಕುಗಳು

ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಮೆಡಿಕೇಡ್ ಸಿಗದ ನಿರಾಶ್ರಿತರಿಗೆ ಇದ್ದ ಫೆಡರಲ್ ವೈದ್ಯಕೀಯ ನೆರವು 12 ತಿಂಗಳು ಇದ್ದದ್ದು 2025ರಲ್ಲಿ 4 ತಿಂಗಳಿಗೆ ಇಳಿಯಿತು. 2025ರ ಜುಲೈನ ಕಾನೂನಿನಂತೆ, 2026ರ ಅಕ್ಟೋಬರ್ 1ರಿಂದ ಗ್ರೀನ್ ಕಾರ್ಡ್ ಇಲ್ಲದ ನಿರಾಶ್ರಿತರಿಗೆ ಮೆಡಿಕೇಡ್ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಮಕ್ಕಳಿಗೂ ಬಸುರಿಯರಿಗೂ ಕೆಲವು ರಾಜ್ಯಗಳು ವಿನಾಯಿತಿ ಕೊಡುತ್ತವೆ. ಬಂದು ಒಂದು ವರ್ಷ ತುಂಬಿದ ಮೇಲೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ನಿಯಮಗಳು ಬೇಗ ಬೇಗ ಬದಲಾಗುತ್ತಿವೆ, ಆದ್ದರಿಂದ ವಲಸೆ ವಕೀಲರನ್ನು ಕೇಳದೆ ಯಾವ ಅರ್ಜಿಯನ್ನೂ ತುಂಬಿಸಬೇಡಿ. ಅರ್ಜಿಗೆ ಲಸಿಕೆಯ ದಾಖಲೆಯೂ ಬೇಕು, ಮತ್ತೆ ಆ ಚೀಲ. ಇನ್ಶೂರೆನ್ಸ್ ಇಲ್ಲದವರಿಗೆ ಫೆಡರಲ್ ನೆರವಿನ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಅಲ್ಲಿ ಆದಾಯ ನೋಡಿ ಫೀಸು, ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ನಿಮ್ಮ ಸಂಘದ ಡಾಕ್ಟರುಗಳು ಬೇರೆ ಕ್ಲಿನಿಕ್ ಕಟ್ಟುವ ಬದಲು ಅಲ್ಲೇ ತಿಂಗಳಿಗೆರಡು ಸಂಜೆ ಕೂತರೆ ಜಾಸ್ತಿ ಉಪಯೋಗ ಅಂತ ನನ್ನ ಅಭಿಪ್ರಾಯ.

10. ಬಾರದವರನ್ನು ಎಣಿಸಿ

ಎಷ್ಟು ಕರಪತ್ರ ಹಂಚಿದಿರಿ ಅನ್ನುವುದು ಲೆಕ್ಕವಲ್ಲ. ಬಂದು ನಿಲ್ಲಿಸಿದವರು ಯಾರು, ಸೀಸದ ಎರಡನೇ ಪರೀಕ್ಷೆ ಎಷ್ಟು ಮಕ್ಕಳಿಗೆ ಬಾಕಿ, ದುಭಾಷಿ ಇಲ್ಲದೆ ನಡೆದ ಭೇಟಿ ಎಷ್ಟು, ಬಿ.ಪಿ. ಹತೋಟಿಗೆ ಬಂದವರು ಎಷ್ಟು, ಇವು ನಾಲ್ಕು ಸಾಕು. ನಿಲ್ಲಿಸಿದವರ ಮನೆಗೆ ಕಾರ್ಯಕರ್ತೆ ಹೋಗಿ ಕಾರಣ ಬರೆದುಕೊಂಡು ಬರಲಿ. ಆರು ತಿಂಗಳಿಗೊಮ್ಮೆ ಆ ಅಂಕಿಗಳನ್ನು ಹೆಸರು ತೆಗೆದು ಅವರ ಜನರ ಮುಂದೆಯೇ ಇಡಿ, ಮುಂದಿನ ಆರು ತಿಂಗಳ ದುಡ್ಡು ಯಾವುದಕ್ಕೆ ಅಂತ ಅವರೇ ಕೈಯೆತ್ತಿ ತೀರ್ಮಾನಿಸಲಿ. ಸಭೆ ಭಾನುವಾರ ಮಧ್ಯಾಹ್ನ ಇಟ್ಟುಕೊಳ್ಳಿ, ಗೋದಾಮಿನ ಪಾಳಿಯವರೂ ಬರುತ್ತಾರೆ. ಊಟ ಅವರ ಕಡೆಯವರಿಂದಲೇ ಮಾಡಿಸಿ, ಅದಕ್ಕೂ ದುಡ್ಡು ಕೊಡಿ.